ಚುಚ್ಚಿದ ಕೈಗೆ ಸಿಗುವ ನಮಸ್ಕಾರ

ನನಗೆ ಕೀವು ತೆಗೆಯುವ ಕೆಲಸ ಇಷ್ಟ. ಹಲ್ಲಿನ ಡಾಕ್ಟರಾದವಳು ಇದನ್ನು ಹೀಗೆ ಬಾಯಿಬಿಟ್ಟು ಹೇಳಬಾರದೇನೋ. ಆದರೆ ನಿಜ ಅದೇ. ಎರಡು ಮೂರು ಸಲ ಕೂರಿಸಿ, ಕತ್ತು ನೋಯಿಸಿಕೊಂಡು ಮಾಡಿದ ರೂಟ್ ಕೆನಾಲ್‌ಗೆ ಸಿಗದ ಮರ್ಯಾದೆ ಹತ್ತು ನಿಮಿಷದ ಈ ಕೆಲಸಕ್ಕೆ ಸಿಗುತ್ತದೆ. ರಾತ್ರಿಯೆಲ್ಲ ನಿದ್ದೆಗೆಟ್ಟು, ಕೆನ್ನೆಗೆ ಟವೆಲ್ ಒತ್ತಿಕೊಂಡು ಬಂದವರು ಹೋಗುವಾಗ ಕೈಮುಗಿಯುತ್ತಾರೆ. ರೂಟ್ ಕೆನಾಲ್ ಮಾಡಿಸಿಕೊಂಡವರು ಬಿಲ್ಲನ್ನು ತಿರುವಿ ನೋಡುತ್ತಾರೆ.

ಹುಳುಕು ಹಲ್ಲಿನ ಒಳಗಿನ ನರ ಸತ್ತು, ಸೋಂಕು ಬೇರಿನ ತುದಿ ದಾಟಿದಾಗ ಅಲ್ಲಿ ಕೀವು ಕಟ್ಟುತ್ತದೆ. ಸುತ್ತಲೂ ಮೂಳೆ, ಹಿಗ್ಗಲು ಜಾಗವಿಲ್ಲ. ಮಲಗಿದರೆ ತಲೆಯ ಕಡೆ ರಕ್ತ ಹೆಚ್ಚಿ ಒತ್ತಡ ಇನ್ನೂ ಏರುತ್ತದೆ. ಹಲ್ಲುನೋವಿಗೆ ರಾತ್ರಿಯೇ ಯಾಕೆ ಬೇಕು ಎಂದು ಕೇಳುವವರಿಗೆ ಇದೇ ಉತ್ತರ. ನಾವು ಮಾಡುವುದಿಷ್ಟೇ, ಕೀವಿಗೆ ಹೊರಬರಲು ದಾರಿ ಕೊಡುವುದು. ಹಲ್ಲನ್ನು ಕೊರೆದು, ಇಲ್ಲವೇ ವಸಡು ಊದಿ ಮೆತ್ತಗಾಗಿದ್ದರೆ ಅಲ್ಲೊಂದು ಗೀರು ಹಾಕಿ, ಅದೂ ಆಗದಿದ್ದರೆ ಹಲ್ಲನ್ನೇ ಕಿತ್ತು. ಸೋಂಕಾದ ಜಾಗದಲ್ಲಿ ಆಮ್ಲ ಹೆಚ್ಚಿರುವುದರಿಂದ ಲಿಗ್ನೋಕೇನ್ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಇಂಜೆಕ್ಷನ್ನನ್ನು ಊತದಿಂದ ದೂರ ಕೊಡಬೇಕು. ಅಷ್ಟಾದರೂ ಕೆಲವರಿಗೆ ಪೂರ್ತಿ ಮರಗಟ್ಟುವುದಿಲ್ಲ.

ಒಮ್ಮೆ ತೆಂಗಿನಕಾಯಿ ಸುಲಿಯುವ ಒಬ್ಬರು ಅವ್ವನ ಜೊತೆ ಬಂದಿದ್ದರು. ಹುಳುಕಿನ ಗುಳಿಯಲ್ಲಿ ಲವಂಗ, ಹೊಗೆಸೊಪ್ಪು ಎರಡನ್ನೂ ಗಿಡಿದಿದ್ದರು. ಯಾರೋ ಹೇಳಿದರೆಂದು ನೋವಿನ ಮಾತ್ರೆಯನ್ನು ಪುಡಿ ಮಾಡಿ ಒತ್ತಿದ್ದರಿಂದ ವಸಡು ಸುಟ್ಟು ಬೆಳ್ಳಗಾಗಿತ್ತು. ಬ್ಲೇಡಿನ ತುದಿ ತಾಗಿದ್ದೇ ತಡ ಹಳದಿ ಕೀವು ನುಗ್ಗಿತು, ಹಿಂದೆಯೇ ಒಂದಿಷ್ಟು ರಕ್ತ. ಮಾಸ್ಕ್ ದಾಟಿ ಮೂಗಿಗೆ ಬಡಿಯುವ ಆ ವಾಸನೆಗೆ ನಮ್ಮ ನರ್ಸ್ ಈಗಲೂ ಮುಖ ತಿರುಗಿಸುತ್ತಾಳೆ. ನಾನು ನೋಡುತ್ತಿದ್ದದ್ದು ಅವರ ಕೈಯನ್ನು. ಕುರ್ಚಿಯ ಹಿಡಿಯನ್ನು ಬಿಗಿಹಿಡಿದಿದ್ದ ಬೆರಳುಗಳು ಒಂದೊಂದೇ ಸಡಿಲಗೊಂಡವು, ಭುಜ ಇಳಿಯಿತು. ಅವರವ್ವ ನನ್ನ ಗಲ್ಲ ಮುಟ್ಟಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣವ್ವ" ಅಂದರು. ಅವತ್ತು ಸಂಜೆಯವರೆಗೂ ನನ್ನ ನಡಿಗೆಯೇ ಬೇರೆಯಾಗಿತ್ತು.

ನಾನು ಅನುಮಾನಿಸುವುದು ಈ ನಡಿಗೆಯನ್ನೇ. ಸತ್ತ ಹಲ್ಲು ಬಾಯಲ್ಲೇ ಇದೆ, ಕೀವು ಮತ್ತೆ ಕಟ್ಟಬಹುದು. ನಾನು ಕೊಟ್ಟದ್ದು ಬರೀ ಬಿಡುವು. ಆದರೂ ರೋಗವನ್ನೇ ಗೆದ್ದವಳಂತೆ ಬೀಗುತ್ತೇನೆ.

ಅನುಮಾನಿಸಬೇಕಾದ ಇನ್ನೊಂದು, ನನ್ನ ಸಿಟ್ಟು. ಮುಖ ಊದಿಸಿಕೊಂಡು ಬಂದವರಿಗೆ, "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಗದರುತ್ತೇನೆ. ಊತ ಬಂದು ಎಷ್ಟು ದಿನವಾಯಿತು ಎಂಬುದು ನನಗೆ ಬೇಕಾದ ಮಾಹಿತಿಯೇ, ಆದರೆ ಆ ದನಿ ಬೇಕಿಲ್ಲ. ಮನೆಯಲ್ಲಿ ಮದುವೆ ಇತ್ತು ಅನ್ನುತ್ತಾರೆ, ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದಂತೆ ಅನ್ನುತ್ತಾರೆ. (ಕಣ್ಣಿಗೆ ಅಪಾಯ ಬಂದರೆ ಅದು ಕೀಳಿಸಿದ್ದರಿಂದಲ್ಲ. ಹಾಗೇ ಬಿಟ್ಟ ಸೋಂಕು ಅಪರೂಪಕ್ಕೆ ಕಣ್ಣಿನ ಕಡೆಗೂ ಮಿದುಳಿನ ಕಡೆಗೂ ಏರುತ್ತದೆ.) ಕೆದಕಿ ನೋಡಿದರೆ ನನ್ನ ಸಿಟ್ಟಿನ ಕೆಳಗಿರುವುದು ಪುಕ್ಕಲುತನ. ಕೆಳದವಡೆಯ ಕೊನೆಯ ಹಲ್ಲುಗಳ ಬೇರು ಬಾಯಿಯ ತಳದ ಸ್ನಾಯುವಿಗಿಂತ ಕೆಳಗೆ ಇಳಿದಿರುತ್ತದೆ. ಅಲ್ಲಿಂದ ಹಬ್ಬಿದ ಸೋಂಕು ಗದ್ದದಡಿ ಎರಡೂ ಬದಿ ತುಂಬಿಕೊಂಡು ನಾಲಿಗೆಯನ್ನು ಮೇಲಕ್ಕೆ ದೂಡುತ್ತದೆ. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯ ಲುಡ್ವಿಗ್ ಅವರ ಹೆಸರೇ ಈ ಕಾಯಿಲೆಗಿದೆ. ಬಾಯಿ ತೆರೆಯಲಾಗದೆ, ಎಂಜಲು ನುಂಗಲಾಗದೆ, ಮಾತು ತೊದಲುತ್ತ ಬಂದರೆ ನನ್ನ ಕುರ್ಚಿಯಲ್ಲಿ ಅವರಿಗೆ ಕೆಲಸವಿಲ್ಲ. 108ಕ್ಕೆ ಕರೆ ಮಾಡಿ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಉಸಿರಿನ ದಾರಿ ಕಾಯುವವರು ಅಲ್ಲಿರುತ್ತಾರೆ. ಅಂಥವರನ್ನು ಕಳಿಸಿದ ದಿನ ನಾನು ಯಾರಿಗೂ ಗದರುವುದಿಲ್ಲ. ಗದರುವುದು, ಇನ್ನು ಅಪಾಯವಿಲ್ಲ ಅಂತ ಖಾತ್ರಿಯಾದವರಿಗೆ.

ಔಷಧಿ ಚೀಟಿಯಲ್ಲೂ ಇದೇ ಪುಕ್ಕಲುತನ. ಕೀವಿಗೆ ದಾರಿ ಮಾಡಿಕೊಟ್ಟಾದ ಮೇಲೆ, ಆರೋಗ್ಯವಾಗಿರುವ ವಯಸ್ಕರಲ್ಲಿ ಹೆಚ್ಚಿನವರಿಗೆ ಆ್ಯಂಟಿಬಯೋಟಿಕ್ ಬೇಕಿಲ್ಲ ಎಂದು ಅಮೆರಿಕದ ದಂತವೈದ್ಯರ ಸಂಘ 2019ರಲ್ಲೇ ಹೇಳಿದೆ. ಸತ್ತ ನರಕ್ಕೆ ರಕ್ತವೇ ಹರಿಯದಿರುವಾಗ ಮಾತ್ರೆ ಅಲ್ಲಿಗೆ ತಲುಪುವುದಾದರೂ ಹೇಗೆ? ಜ್ವರ ಇದ್ದರೆ, ಊತ ಹರಡುತ್ತಿದ್ದರೆ, ದೇಹದ ಪ್ರತಿರೋಧ ಕುಗ್ಗಿದ್ದರೆ ಮಾತು ಬೇರೆ. ಅದಕ್ಕೇ ಬಾವು ಬಂದವರ ಬೆರಳು ಚುಚ್ಚಿ ಸಕ್ಕರೆ ನೋಡುತ್ತೇನೆ. ತಮಗೆ ಸಕ್ಕರೆ ಕಾಯಿಲೆ ಇದೆ ಅಂತ ನನ್ನ ಕುರ್ಚಿಯಲ್ಲೇ ಗೊತ್ತಾದವರೂ ಉಂಟು. ಇಷ್ಟೆಲ್ಲ ತಿಳಿದಿದ್ದರೂ ಶನಿವಾರ ಸಂಜೆ ಬಂದವರಿಗೆ ನನ್ನ ಪೆನ್ನು ತಾನಾಗಿಯೇ ಅಮಾಕ್ಸಿಸಿಲಿನ್ ಬರೆಯಹೊರಡುತ್ತದೆ. ಭಾನುವಾರ ಫೋನ್ ಬರಬಾರದಲ್ಲ! ಬರೆಯುವ ಮುಂಚೆ ಈಗ ಒಂದು ಗಳಿಗೆ ಕೈ ತಡೆದು ಕೇಳಿಕೊಳ್ಳುತ್ತೇನೆ, ಈ ಮಾತ್ರೆ ಅವರಿಗೋ ನನಗೋ ಅಂತ. ಉತ್ತರ ಪ್ರತಿ ಸಲ ಒಂದೇ ಆಗಿರುವುದಿಲ್ಲ.

ನೋವು ಇಳಿದವರಲ್ಲಿ ಎಷ್ಟೋ ಮಂದಿ ಉಳಿದ ಚಿಕಿತ್ಸೆಗೆ ಸೋಮವಾರ ಬರುವುದಿಲ್ಲ. ಅವರ ನಂಬರು ರಿಜಿಸ್ಟರಿನಲ್ಲಿದೆ. ದೊಡ್ಡಾಸ್ಪತ್ರೆಗೆ ಕಳಿಸಿದವರಿಗೆ ದಿನಕ್ಕೆರಡು ಸಲ ಫೋನ್ ಮಾಡುವ ನಾನು ಇವರಿಗೆ ಮಾಡುವುದಿಲ್ಲ. ಅಡ್ಡ ಬರುವುದು ದುಡ್ಡಿನ ಮಾತು. ಕೀಳಿಸಲು ನೂರರ ಲೆಕ್ಕ, ಉಳಿಸಿ ಕ್ಯಾಪ್ ಹಾಕಿಸಲು ಸಾವಿರಗಳ ಲೆಕ್ಕ. ಹಲ್ಲೆಲ್ಲ ಹೋದ ಬಡವರಿಗೆ ಸೆಟ್ಟು ಕಟ್ಟಿಸಿಕೊಡಲು ಸರ್ಕಾರ ದಂತಭಾಗ್ಯ ಯೋಜನೆ ತಂದಿತು, ಸರಿ. ಇರುವ ಹಲ್ಲು ಉಳಿಸಿಕೊಳ್ಳಿ ಎಂದು ನಾನು ಫೋನಿನಲ್ಲಿ ಹೇಳಿದರೆ ಮಾತ್ರ ಅದು ವ್ಯಾಪಾರದಂತೆ ಕೇಳಿಸುತ್ತದೆ. ಡಾಕ್ಟರಮ್ಮ ಗಿರಾಕಿ ಹಿಡಿಯುತ್ತಿದ್ದಾಳೆ ಅಂದುಕೊಂಡಾರು ಎಂಬ ಅಳುಕು ನನಗೆ. ಕೈಮುಗಿದು ಹೋದವರ ಕಣ್ಣಲ್ಲಿ ಸಣ್ಣವಳಾಗಲು ಮನಸ್ಸಿಲ್ಲ. ಈ ನಡುವೆ ಫೋನ್ ಮಾಡುವ ಕೆಲಸವನ್ನು ನರ್ಸಿಗೆ ವಹಿಸಿದ್ದೇನೆ. ಅವಳು, "ಮೇಡಂ ಕೇಳ್ತಿದ್ರು, ಯಾವಾಗ ಬರ್ತೀರಾ?" ಎಂದು ಸಲೀಸಾಗಿ ಕೇಳುತ್ತಾಳೆ. ಒಂದಿಷ್ಟು ಜನ ಬರುತ್ತಿದ್ದಾರೆ.