ಸುಂಟರಗಾಳಿ ಎಂಬ ಗುಮಾಸ್ತ

ಹಾಕಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಎರಡು. ಒಂದು ಧ್ಯಾನ್‌ಚಂದ್, ಇನ್ನೊಂದು ಕೊಡಗು. ಮಂಜುಗಡ್ಡೆಯ ಮೇಲೆ ಆಡುವ ಹಾಕಿಯೂ ಒಂದಿದೆ, ನಮ್ಮಲ್ಲಿ ಕ್ರಿಕೆಟ್ಟಿಗಿರುವ ಹುಚ್ಚು ಕೆನಡಾದಲ್ಲಿ ಅದಕ್ಕಿದೆ ಎಂದರೆ, ಕರಾವಳಿಯ ಸೆಕೆಯಲ್ಲಿ ಹುಟ್ಟಿ ಮುಂಬಯಿಯ ಸೆಕೆಯಲ್ಲಿ ಬೆವರುತ್ತಿರುವ ನಮಗೆ ನಂಬುವುದು ಕಷ್ಟ. ನಮಗೆ ಗೊತ್ತಿರುವ ಮಂಜುಗಡ್ಡೆ ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿತಾಟಿನ ಕೆಳಗೆ ಅಡಗಿ ಕೂತಿರುವಂಥದ್ದು. ಅದರ ಮೇಲೆ ಯಾರಾದರೂ ಓಡುತ್ತಾರೆಯೇ!

ಆದರೂ ಆ ಆಟವನ್ನು ದುಡ್ಡಿಗಾಗಿ ಆಡಿದ ಮೊದಲ ತಲೆಮಾರಿನ ಒಬ್ಬಾತನ ಕಥೆಯನ್ನು ವಾಚಕರ ಮುಂದಿಡಬೇಕೆಂದು ನಮಗೆ ಬಹಳ ದಿನಗಳಿಂದ ಆಸೆ. ಅದಕ್ಕೆ ಕಾರಣವಿದೆ. ಆತ ನಮ್ಮ ಹಾಗೆ ಹೊಟ್ಟೆಪಾಡಿಗಾಗಿ ಊರಿಂದೂರಿಗೆ ಹೋದವನು. ಅಷ್ಟೇ ಅಲ್ಲ, ಹುದ್ದೆಯಿಂದ ಆತ, ನಮ್ಮ ಹಾಗೆಯೇ, ಕೇಂದ್ರ ಸರ್ಕಾರದ ಗುಮಾಸ್ತ!

ಹೆಸರು ಫ್ರೆಡ್ ಟೇಲರ್. ಹುಟ್ಟಿದ್ದು 1884ರಲ್ಲಿ, ಕೆನಡಾದ ಆಂಟೇರಿಯೊ ಪ್ರಾಂತದ ಟಾರಾ ಎಂಬ ಸಣ್ಣ ಊರಿನಲ್ಲಿ. ತಂದೆ ಊರೂರು ತಿರುಗಿ ಸಾಮಾನು ಮಾರುತ್ತಿದ್ದವರು. ಹುಡುಗ ಬೆಳೆದದ್ದು ಹತ್ತಿರದ ಲಿಸ್ಟೊವೆಲ್‌ನಲ್ಲಿ. ಹದಿಹರೆಯದಲ್ಲೇ ಶಾಲೆ ಬಿಟ್ಟು ಪಿಯಾನೊ ಕಾರ್ಖಾನೆ ಸೇರಿದ. ಚಳಿಗಾಲ ಬಂತೆಂದರೆ ಕೆರೆ ಹೊಳೆಗಳೆಲ್ಲ ಹೆಪ್ಪುಗಟ್ಟುವ ನಾಡು ಅದು. ಆಟದ ಮೈದಾನ ಮನೆ ಬಾಗಿಲಿಗೇ ಬರುತ್ತಿತ್ತು ಎನ್ನಬೇಕು. ಬೂಟಿನ ಅಡಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಜಾರುವುದರಲ್ಲಿ ಈ ಹುಡುಗನನ್ನು ಮೀರಿಸುವವರಿರಲಿಲ್ಲ.

ಆ ಕಾಲಕ್ಕೆ ಆಂಟೇರಿಯೊದಲ್ಲಿ ಹಾಕಿಗೆ ಹಣ ಪಡೆಯುವುದು ನಿಷಿದ್ಧ. ಆಟ ಸಜ್ಜನರ ಹವ್ಯಾಸ, ಕೂಲಿಯಲ್ಲ, ಎಂಬ ಮಡಿ. 1904ರಲ್ಲಿ ಟೊರಾಂಟೊದ ತಂಡವೊಂದು ಕರೆಯಿತು. ಟೇಲರ್ ಹೋಗಲಿಲ್ಲ. ಅದೇ ತಪ್ಪಾಯಿತು. ಪ್ರಾಂತದ ಹಾಕಿ ಸಂಘದವರು, ಇವನು ಆಂಟೇರಿಯೊದಲ್ಲಿ ಎಲ್ಲಿಯೂ ಆಡಕೂಡದು ಎಂದು ತಡೆದರು. ಒಂದು ಇಡೀ ಚಳಿಗಾಲ ಇಪ್ಪತ್ತರ ತರುಣ ಕೈಕಟ್ಟಿ ಕುಳಿತ. ಮೇಲಿನವರ ಒಂದು ಆದೇಶ ಬಡವನ ಮುಂದೆ ಬಾಗಿಲು ಮುಚ್ಚುವುದು ಹೇಗೆಂಬ ಪಾಠ ಆತನಿಗೆ ಹೀಗೆ ಮೊದಲೇ ಆಯಿತು. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಮರುವರ್ಷ ಆತ ಪಶ್ಚಿಮಕ್ಕೆ ರೈಲು ಹತ್ತಿದ. ಮ್ಯಾನಿಟೋಬಾ ಪ್ರಾಂತದ ಪೋರ್ಟೇಜ್ ಲಾ ಪ್ರೇರಿ ಎಂಬಲ್ಲಿ ಊಟ, ವಸತಿ, ಕೈಖರ್ಚಿಗೆ ತಿಂಗಳಿಗೆ 25 ಡಾಲರ್. ಕೆಲವೇ ವಾರಗಳಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಹೋಟನ್‌ನಿಂದ ಕರೆ ಬಂತು. ಅದು ತಾಮ್ರದ ಗಣಿಗಳ ಸೀಮೆ. ಗಣಿಯ ದುಡ್ಡಿತ್ತು, ದುಡಿದು ದಣಿದ ಜನಕ್ಕೆ ಮನರಂಜನೆ ಬೇಕಿತ್ತು. ಆಟಗಾರರಿಗೆ ರಾಜಾರೋಷವಾಗಿ ಸಂಬಳ ಕೊಡುವ ಮೊದಲ ಹಾಕಿ ಲೀಗು 1904ರಲ್ಲಿ ಹುಟ್ಟಿದ್ದು ಅಲ್ಲಿಯೇ. ಟೇಲರ್‌ಗೆ ಗೊತ್ತಾದದ್ದು 400 ಡಾಲರ್ ಮತ್ತು ಖರ್ಚುವೆಚ್ಚ. ಅವನಿದ್ದ ತಂಡ 1906 ಮತ್ತು 1907ರಲ್ಲಿ ಪ್ರಶಸ್ತಿ ಗೆದ್ದಿತು. ಅಷ್ಟರಲ್ಲಿ ಕೆನಡಾದ ತಂಡಗಳೂ ಮಡಿ ಬಿಟ್ಟು ಹಣ ಕೊಡತೊಡಗಿದ್ದರಿಂದ ಆಟಗಾರರೆಲ್ಲ ತಾಯ್ನಾಡಿಗೆ ಹಿಂತಿರುಗಿದರು. ಲೀಗು ಮುಚ್ಚಿತು.

ಇನ್ನು ನಮ್ಮ ಆಸಕ್ತಿಯ ಘಟ್ಟ. 1907ರಲ್ಲಿ ರಾಜಧಾನಿ ಒಟ್ಟಾವಾದ ತಂಡ ಆತನನ್ನು ಕರೆಸಿಕೊಂಡಿತು. ಹಂಗಾಮಿಗೆ 500 ಡಾಲರ್, ಜೊತೆಗೆ ಕೇಂದ್ರ ಸರ್ಕಾರದ ವಲಸೆ ಇಲಾಖೆಯಲ್ಲಿ ಗುಮಾಸ್ತೆಯ ಕೆಲಸ. ನಮ್ಮ ರೈಲ್ವೆಯಲ್ಲಿ, ಬ್ಯಾಂಕುಗಳಲ್ಲಿ ಕ್ರೀಡಾಪಟುಗಳಿಗೆ ನೌಕರಿ ಕೊಡುತ್ತಾರಲ್ಲ, ಅದೇ ರೀತಿ. ಆಟ ಇವತ್ತಿದೆ, ನಾಳೆ ಮೊಣಕಾಲು ಮುರಿದರೆ ಇಲ್ಲ. ಸರ್ಕಾರಿ ಕೆಲಸ ಹಾಗಲ್ಲ ಎಂಬ ಲೆಕ್ಕ ಆತನಿಗೂ ತಿಳಿದಿತ್ತು. ನಮ್ಮ ತಂದೆಯವರೂ ನಾವು ಬಿ.ಎಸ್ಸಿ. ಮುಗಿಸಿದೊಡನೆ ಇದೇ ಲೆಕ್ಕ ಹೇಳಿ ನಮ್ಮನ್ನು ಪರೀಕ್ಷೆಗೆ ಕೂಡಿಸಿ ಮುಂಬಯಿ ರೈಲು ಹತ್ತಿಸಿದರು.

ಆಗಿನ ಆಟದಲ್ಲಿ ಒಂದೊಂದು ಕಡೆ ಏಳು ಮಂದಿ. ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಅದನ್ನು ಮುಂದಿರುವವನಿಗೆ ದಾಟಿಸುವಂತಿಲ್ಲ, ತಾನೇ ಒಯ್ಯಬೇಕು. ಆದ್ದರಿಂದ ವೇಗವೇ ಸರ್ವಸ್ವ. 1908ರ ಜನವರಿಯಲ್ಲಿ ಒಟ್ಟಾವಾದ ಹೊಸ ಕ್ರೀಡಾಂಗಣದಲ್ಲಿ ಟೇಲರ್‌ನ ಓಟ ಕಂಡು ಗವರ್ನರ್ ಜನರಲ್ ಅರ್ಲ್ ಗ್ರೇ, ಇವನೊಬ್ಬ ಸುಂಟರಗಾಳಿ ಎಂದು ಉದ್ಗರಿಸಿದರಂತೆ. ಮಾತು ಪತ್ರಿಕೆಯವರ ಕಿವಿಗೆ ಬಿತ್ತು. ಅಂದಿನಿಂದ ಆತ ‘ಸೈಕ್ಲೋನ್’ ಟೇಲರ್. 1909ರಲ್ಲಿ ಒಟ್ಟಾವಾ ತಂಡಕ್ಕೆ ಸ್ಟಾನ್ಲಿ ಕಪ್ ದೊರೆಯಿತು. ಹಾಕಿಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಆ ನಾಡಿನಲ್ಲಿಲ್ಲ.

ಮರುವರ್ಷ ರೆನ್‌ಫ್ರೂ ಎಂಬ ಪುಟ್ಟ ಪಟ್ಟಣದ ಧನಿಕರು, ಗಣಿ ಮತ್ತು ರೈಲು ಗುತ್ತಿಗೆಯಲ್ಲಿ ಹಣ ಮಾಡಿದ ಓಬ್ರಿಯನ್ ಮನೆತನದವರು, ಆತನನ್ನು ಎಳೆದುಕೊಂಡರು. ಬೆಣ್ಣೆಗೆ ಹೆಸರಾದ ಆ ಊರಿನ ತಂಡಕ್ಕೆ ಕ್ರೀಮರಿ ಕಿಂಗ್ಸ್ ಎಂದೇ ಹೆಸರು. ಜನ ಮಾತ್ರ ಅದನ್ನು ‘ಕೋಟ್ಯಧೀಶರ ತಂಡ’ ಎಂದು ಕರೆದರು. ಕಾರಣ, ಹನ್ನೆರಡು ಪಂದ್ಯಗಳ ಹಂಗಾಮಿಗೆ ಟೇಲರ್‌ಗೆ ಕೊಟ್ಟ ಹಣ 5,250 ಡಾಲರ್ ಎಂದು ಪ್ರಸಿದ್ಧಿ. ಲೆಕ್ಕ ಹಾಕಿದರೆ ಪಂದ್ಯಕ್ಕೆ 437 ಡಾಲರ್ ಮೇಲೆ! ಹಳೆಯ ತಂಡವಾದ ಒಟ್ಟಾವಾದ ವಿರುದ್ಧ ಹಿಮ್ಮುಖವಾಗಿ ಜಾರುತ್ತಾ ಹೋಗಿ ಗೋಲು ಹೊಡೆದನೆಂಬ ದಂತಕಥೆ ಈ ಕಾಲದ್ದು. ಇಷ್ಟೆಲ್ಲ ಸುರಿದರೂ ರೆನ್‌ಫ್ರೂಗೆ ಕಪ್ ದಕ್ಕಲಿಲ್ಲ. 1911ರಲ್ಲಿ ತಂಡವೇ ಮುಚ್ಚಿತು.

1912ರಲ್ಲಿ ಟೇಲರ್ ಪಶ್ಚಿಮ ತೀರದ ವ್ಯಾಂಕೂವರ್‌ಗೆ ಹೊರಟ. ಲೆಸ್ಟರ್ ಮತ್ತು ಫ್ರಾಂಕ್ ಪ್ಯಾಟ್ರಿಕ್ ಎಂಬ ಸಹೋದರರು ಅಲ್ಲಿ ಹೊಸ ಲೀಗು ಕಟ್ಟಿದ್ದರು. ಆ ತೀರದ ಚಳಿ ನೀರು ಹೆಪ್ಪುಗಟ್ಟುವಷ್ಟು ಬಲವಾದದ್ದಲ್ಲ. ಆದ್ದರಿಂದ ನೆಲದಡಿ ಕೊಳವೆ ಹಾಸಿ, ಅದರೊಳಗೆ ಶೂನ್ಯಕ್ಕಿಂತ ತಣ್ಣಗಿನ ಉಪ್ಪುನೀರು ಹರಿಸಿ, ಮೇಲೆ ಮಂಜುಗಡ್ಡೆ ಕಟ್ಟುವ ಏರ್ಪಾಟು ಮಾಡಿದರು. ಉಪ್ಪು ಬೆರೆತ ನೀರು ಬೇಗ ಹೆಪ್ಪುಗಟ್ಟುವುದಿಲ್ಲವೆಂದು ಕಾಲೇಜಿನಲ್ಲಿ ಓದಿದ್ದೆವು. ಅದರ ಇಷ್ಟು ಚೆಂದದ ಉಪಯೋಗ ಪಠ್ಯಪುಸ್ತಕದಲ್ಲಿರಲಿಲ್ಲ. 1915ರಲ್ಲಿ ಈ ವ್ಯಾಂಕೂವರ್ ತಂಡ ಒಟ್ಟಾವಾವನ್ನೇ ಸತತ ಮೂರು ಪಂದ್ಯಗಳಲ್ಲಿ ಸೋಲಿಸಿ ಸ್ಟಾನ್ಲಿ ಕಪ್ ಗೆದ್ದಿತು. ಪಶ್ಚಿಮ ತೀರಕ್ಕೆ ಅದು ಮೊದಲ ಗೆಲುವು.

ಇಲ್ಲಿಯವರೆಗಿನದು ಹಾಕಿಯ ಚರಿತ್ರೆಯಲ್ಲಿ ಸಿಗುವ ಟೇಲರ್. ಆದರೆ ಆಟವಿಲ್ಲದ ದಿನ ಆತ ಎಲ್ಲಿರುತ್ತಿದ್ದ? ಕಚೇರಿಯಲ್ಲಿ. ವಲಸೆ ಇಲಾಖೆಯ ಕೆಲಸ ವ್ಯಾಂಕೂವರ್‌ನಲ್ಲಿಯೂ ಮುಂದುವರಿದಿತ್ತು. 1914ರ ಮಾರ್ಚಿಯಲ್ಲಿ ಮದುವೆಯಾಯಿತು. ಮೇ 23ರಂದು ಬಂದರಿಗೆ ಒಂದು ಜಪಾನಿ ಹಡಗು ಬಂತು. ಅದರ ಹೆಸರು ಕೊಮಗಾಟಾ ಮಾರು.

ಈ ಹೆಸರನ್ನು ನಾವೆಲ್ಲ ಶಾಲೆಯ ಚರಿತ್ರೆಯ ಪಾಠದಲ್ಲಿ ಓದಿದ್ದೇವೆ. ಬಾಬಾ ಗುರುದಿತ್ ಸಿಂಗ್ ಬಾಡಿಗೆಗೆ ಹಿಡಿದು, ಹಾಂಗ್‌ಕಾಂಗ್‌ನಿಂದ ಹೊರಡಿಸಿದ ಹಡಗು. ಒಳಗಿದ್ದವರು 376 ಮಂದಿ. 340 ಸಿಖ್ಖರು, 24 ಮುಸಲ್ಮಾನರು, 12 ಹಿಂದೂಗಳು. ಎಲ್ಲರೂ ಕೆನಡಾದವರಂತೆಯೇ ಬ್ರಿಟಿಷ್ ಚಕ್ರವರ್ತಿಯ ಪ್ರಜೆಗಳು. ಆದರೆ ಕೆನಡಾ 1908ರಲ್ಲಿ ಒಂದು ಜಾಣ ನಿಯಮ ಮಾಡಿಟ್ಟಿತ್ತು. ಬರುವವನು ತನ್ನ ದೇಶದಿಂದ ನಡುವೆ ಎಲ್ಲಿಯೂ ಇಳಿಯದೆ, ಒಂದೇ ಟಿಕೆಟಿನಲ್ಲಿ ನೇರವಾಗಿ ಬರಬೇಕು. ಭಾರತದಿಂದ ಹಾಗೆ ನೇರವಾಗಿ ಹೋಗುವ ಹಡಗೇ ಇರಲಿಲ್ಲ! ನಿಯಮದಲ್ಲಿ ಭಾರತ ಎಂಬ ಶಬ್ದವೇ ಇಲ್ಲ, ಆದರೆ ತಡೆದದ್ದು ಭಾರತೀಯನನ್ನು. ಸಾಲದ್ದಕ್ಕೆ, ಏಷ್ಯಾದಿಂದ ಬಂದವನ ಕೈಯಲ್ಲಿ 200 ಡಾಲರ್ ಇರಬೇಕೆಂಬ ಷರತ್ತು. ಸುಂಟರಗಾಳಿ ಟೇಲರ್ ಒಂದು ಪಂದ್ಯಕ್ಕೆ ಪಡೆದ ಹಣದ ಅರ್ಧಕ್ಕೂ ಕಡಿಮೆ ಅದು. ಆದರೆ ಪಂಜಾಬಿನ ರೈತನಿಗೆ ಹೊಲ ಅಡವಿಟ್ಟರೂ ಹುಟ್ಟದ ಹಣ.

ಹಡಗನ್ನು ಎದುರುಗೊಂಡ ಮೊದಲ ವಲಸೆ ಅಧಿಕಾರಿ ಯಾರು? ಇದೇ ಫ್ರೆಡ್ ಟೇಲರ್.

ಎರಡು ತಿಂಗಳು ಆ ಹಡಗು ದಡ ಕಾಣುವಷ್ಟು ಹತ್ತಿರದಲ್ಲಿ ನಿಂತಿತು. ಅನ್ನ ನೀರಿಗೆ ತತ್ವಾರ. ಮೊದಲೇ ಅಲ್ಲಿ ನೆಲೆಸಿದ್ದ ಸಿಖ್ಖರು ಚಂದಾ ಎತ್ತಿ ನ್ಯಾಯಾಲಯಕ್ಕೆ ಹೋದರು, ಸೋತರು. ಇಳಿಯಲು ಅಪ್ಪಣೆ ಸಿಕ್ಕಿದ್ದು ಬರೀ 24 ಮಂದಿಗೆ. ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹಡಗನ್ನು ಹಿಂದಕ್ಕೆ ಅಟ್ಟಿದರು. ಸೆಪ್ಟೆಂಬರ್ 29ರಂದು ಕಲ್ಕತ್ತೆಯ ಹತ್ತಿರದ ಬಜ್‌ಬಜ್‌ನಲ್ಲಿ ಪ್ರಯಾಣಿಕರ ಮೇಲೆ ಗುಂಡು ಹಾರಿತು. ಸತ್ತವರು ಸುಮಾರು ಇಪ್ಪತ್ತು ಮಂದಿ.

ಇದಕ್ಕೆಲ್ಲ ಟೇಲರ್ ಹೊಣೆಯೇ ಎಂದು ಕೇಳಿದರೆ, ಅಲ್ಲ ಎನ್ನಬೇಕಾಗುತ್ತದೆ. ನಿಯಮ ಬರೆದವನು ಆತನಲ್ಲ, ಆ ಕಚೇರಿಯ ಮುಖ್ಯಸ್ಥನೂ ಆಗಿರಲಿಲ್ಲ. ಆತ ಮನಸ್ಸು ಮಾಡಿದ್ದರೂ ಹಡಗು ದಡ ಸೇರುತ್ತಿರಲಿಲ್ಲ. ಮುಪ್ಪಿನಲ್ಲಿ ಆ ಪ್ರಕರಣವನ್ನು ನೆನೆದು, ಅದು ಘೋರವಾದದ್ದು, ಯಾರೂ ಹೆಮ್ಮೆಪಡುವಂಥದ್ದಲ್ಲ ಎಂದು ಆತ ಹೇಳಿದ್ದುಂಟು. ಆದರೂ ಒಂದು ಯೋಚನೆ ನಮ್ಮನ್ನು ಬಿಡದು. ಒಬ್ಬರ ಆದೇಶದಿಂದ ಒಂದು ಚಳಿಗಾಲವಿಡೀ ಬಾಗಿಲ ಹೊರಗೆ ಕುಳಿತವನು ಆತ. ಹೆಚ್ಚು ಕೂಲಿ ಸಿಗುವ ಕಡೆಗೆ ಪ್ರಾಂತ ದಾಟಿ, ದೇಶ ದಾಟಿ ಹೋದವನು. ಹಡಗಿನಲ್ಲಿದ್ದವರು ಬಯಸಿದ್ದು ಇದಕ್ಕಿಂತ ಹೆಚ್ಚೇನನ್ನು?

ನಾವು ಗುಮಾಸ್ತರು, ನಮ್ಮ ಕೈಯಲ್ಲೇನಿದೆ ಎಂಬುದು ನಮ್ಮ ಕುಲದ ಹಳೆಯ ಮಾತು. ಮಗಳ ಕಾಲೇಜಿಗೆ ವಾಸ್ತವ್ಯದ ಪ್ರಮಾಣಪತ್ರ ಬೇಕಾಗಿ ನಾವು ಒಂದು ಕಚೇರಿಗೆ ನಾಲ್ಕು ಸಲ ಅಲೆದೆವು. ತೊಡಕು ನಮ್ಮ ಹೆಸರಿನದು. ಒಂದು ಕಾಗದದಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅದನ್ನು ಬಿಡಿಸಿ ಬರೆದ ಊರಿನ ಹೆಸರು. ಅಡ್ಡಹೆಸರು ಯಾವುದೆಂದು ಅವರು, ನಮ್ಮಲ್ಲಿ ಅದಿಲ್ಲವೆಂದು ನಾವು. ಪರನಾಡಿನಲ್ಲಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಿಟಕಿಯಲ್ಲಿದ್ದಾತ ನಾಲ್ಕು ಸಲವೂ ತಲೆಯೆತ್ತದೆ ಕಾಗದ ಹಿಂದಕ್ಕೆ ತಳ್ಳಿದ. ಐದನೆಯ ಸಲ ಬೇರೊಬ್ಬರಿದ್ದರು. ಅದೇ ಕಾಗದ, ಅದೇ ನಿಯಮ. ‘ಕೂತುಕೊಳ್ಳಿ ಸಾಹೇಬರೇ, ಒಂದು ಅಫಿಡವಿಟ್ ಮಾಡಿಸಿದರೆ ಸಾಕಲ್ಲ’ ಎಂದರು. ಕೆಲಸ ಅಂದೇ ಮುಗಿಯಿತು. ನಮ್ಮ ಅಲೆದಾಟವನ್ನು ಆ ಹಡಗಿನವರ ಸಂಕಟಕ್ಕೆ ಹೋಲಿಸುವುದು ಸಲ್ಲದು. ಆದರೆ ಕೈಯಲ್ಲಿ ಏನೂ ಇಲ್ಲವೆಂಬ ಮಾತು ಪೂರ್ತಿ ನಿಜವಲ್ಲವೆಂಬುದಕ್ಕೆ ಅಷ್ಟು ಸಾಕು. ನಿಯಮ ಮಾಡುವವರು ದೂರದಲ್ಲಿರುತ್ತಾರೆ. ಬಂದವನ ಕಣ್ಣಿಗೆ ಬೀಳುವ ಸರ್ಕಾರವೆಂದರೆ ಕಿಟಕಿಯ ಆಚೆಗಿನ ಗುಮಾಸ್ತನ ಮುಖ.

ಟೇಲರ್ ಮುಂದೆ ಬಡ್ತಿ ಪಡೆಯುತ್ತಾ ಬ್ರಿಟಿಷ್ ಕೊಲಂಬಿಯಾ ಮತ್ತು ಯುಕಾನ್ ಪ್ರದೇಶಗಳ ವಲಸೆ ಕಮಿಷನರ್ ಆಗಿ 1950ರಲ್ಲಿ ನಿವೃತ್ತನಾದ. 1946ರಲ್ಲಿ ಸೇವೆಗಾಗಿ ಸಾಮ್ರಾಜ್ಯದ ಬಿರುದು, 1947ರಲ್ಲಿ ಹಾಕಿಯ ಕೀರ್ತಿಶಾಲಿಗಳ ಪಟ್ಟಿಯಲ್ಲಿ ಸ್ಥಾನ. 1979ರ ಜೂನಿನಲ್ಲಿ ತೀರಿಕೊಂಡಾಗ ವಯಸ್ಸು ತೊಂಬತ್ತನಾಲ್ಕು. ಹಡಗನ್ನು ಅಟ್ಟಿದ್ದಕ್ಕಾಗಿ ಕೆನಡಾದ ಪ್ರಧಾನಿ ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ 18ರಂದು, ನೂರೆರಡು ವರ್ಷಗಳ ನಂತರ. ಆ ವೇಳೆಗೆ ಹಡಗಿನಲ್ಲಿದ್ದವರಿಗೂ ಕ್ಷಮೆಯಿಲ್ಲ, ಎದುರುಗೊಂಡ ಗುಮಾಸ್ತನಿಗೂ ಇಲ್ಲ. ಕೇಳಿಸಿಕೊಳ್ಳಲು ಅವರು ಉಳಿದಿರಲಿಲ್ಲ.

ಸುಂಟರಗಾಳಿಯಂತೆ ಓಡುವುದು ಕೋಟಿಗೊಬ್ಬನಿಗೆ ಬರುವ ವಿದ್ಯೆ, ಅದರ ಆಸೆ ನಮಗಿಲ್ಲ. ಕಿಟಕಿಯ ಮುಂದೆ ನಿಂತವನನ್ನು ಒಮ್ಮೆ ತಲೆಯೆತ್ತಿ ನೋಡುವುದು, ನಿಯಮದಲ್ಲಿ ದಾರಿಯಿದ್ದರೆ ತೋರಿಸುವುದು, ಇದಕ್ಕೆ ಯಾವ ವಿದ್ಯೆಯೂ ಬೇಡ. ಊರು ಬಿಟ್ಟು ಬಂದ ನಮಗೆ ಇದು ಬೇರೆಯವರಿಗಿಂತ ಸುಲಭವಾಗಿ ತಿಳಿಯಬೇಕು. ಆ ಕಿಟಕಿಯ ಎರಡೂ ಬದಿ ನಮಗೆ ಪರಿಚಿತ.