ಚೂರು ಬಟ್ಟೆಯ ಬೆಲೆ

ಈ ಸಾಲುಗಳನ್ನು ಬರೆಯುತ್ತಿರುವ ಮೇಜಿನ ಪಕ್ಕದ ಗೋಡೆಯ ಮೊಳೆಯಲ್ಲಿ ಒಂದು ಕೈಚೀಲ ತೂಗುತ್ತಿದೆ. ಅದರ ಮೈಯಲ್ಲಿ 24 ತುಂಡುಗಳಿವೆ. ಯಾವಳೋ ಮದುಮಗಳ ರವಿಕೆಯ ಹಸಿರು, ಶಾಲಾ ಸಮವಸ್ತ್ರದ ನೀಲಿ, ಯಾರದೋ ಅಂಗಿಯ ಗೆರೆ. ಎಲ್ಲವೂ ದರ್ಜಿಯ ಕತ್ತರಿಯಿಂದ ನೆಲಕ್ಕೆ ಬಿದ್ದವುಗಳೇ. ಪ್ರಾರ್ಥನಾ ಪುಸ್ತಕ, ಕನ್ನಡಕ, ಔಷಧದ ಡಬ್ಬಿ ಇವನ್ನೆಲ್ಲ ಈ ಚೀಲದಲ್ಲಿಟ್ಟುಕೊಂಡೇ ನಾನು ಊರೂರು ಸುತ್ತುವುದು. ಇದರ ಬೆಲೆಯ ವಿಷಯದಲ್ಲಿ ನಾನೊಮ್ಮೆ ಚೌಕಾಸಿ ಮಾಡಿದ್ದೆ. ಆ ದಿನ ನನಗಾದ ನಾಚಿಕೆಯನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ, ಜನರು ಸೂಳೆಕೆರೆ ಎಂದು ಕರೆಯುವ ಶಾಂತಿಸಾಗರದ ಸಮೀಪದ ಊರು. ನಮ್ಮ ಯುವಜನರ ಶಿಬಿರವೊಂದಕ್ಕೆ 60 ಚೀಲಗಳು ಬೇಕಾಗಿದ್ದವು. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲಗಳ ನಿಷೇಧವಾಯಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧ ದೇಶಕ್ಕೆಲ್ಲ ಜಾರಿಯಾಯಿತು. ಮಾತಿನಲ್ಲಿ ಪರಿಸರ ಪ್ರೇಮವನ್ನು ಬೋಧಿಸಿ, ಕೈಗೆ ಪ್ಲಾಸ್ಟಿಕ್ ಕೊಡುವುದು ಸರಿಯಲ್ಲವೆಂದು ಬಟ್ಟೆಯ ಚೀಲಗಳನ್ನೇ ಹುಡುಕಿದೆವು. ಕೆರೆಬಿಳಚಿಯಲ್ಲಿ ಒಬ್ಬ ಮುಸ್ಲಿಂ ತಾಯಿ ಚೂರು ಬಟ್ಟೆಗಳಿಂದ ಚೀಲ ಹೊಲಿಯುತ್ತಾರೆಂದು ಪರಿಚಿತರೊಬ್ಬರು ತಿಳಿಸಿದರು.

ಹೋಗಿ ನೋಡಿದರೆ, ಜಗಲಿಯ ಮೇಲೆ ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರ, ಪಕ್ಕದಲ್ಲಿ ದರ್ಜಿ ಅಂಗಡಿಗಳಿಂದ ತಂದ ಚಿಂದಿಯ ಮೂಟೆಗಳು. ಹಗ್ಗದ ಮೇಲೆ ದಿಂಬಿನ ಗವುಸು, ಬಾಗಿಲ ತೋರಣ, ಬಿಸಿ ಪಾತ್ರೆ ಇಳಿಸುವ ಬಟ್ಟೆ, ಕೂಸಿನ ಕುಲಾವಿ, ಹಿರಿಯರ ಎಲೆಅಡಿಕೆ ಸಂಚಿ. ಅಡಿಕೆಯ ಸೀಮೆಯಲ್ಲವೇ? ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಸಂಚಿಗೆ ಬೇರೆ ಬೇರೆ ಜೇಬುಗಳು.

ಚೀಲವೊಂದಕ್ಕೆ 120 ರೂಪಾಯಿ ಎಂದರು ಆ ತಾಯಿ.

“ಅಮ್ಮಾ, ಇದೇನು ಹೊಸ ಬಟ್ಟೆಯಲ್ಲವಲ್ಲ, ಚಿಂದಿ ತಾನೆ? 70 ಮಾಡಿಕೊಳ್ಳಿ” ಎಂದೆ. ಧರ್ಮಕಾರ್ಯಕ್ಕೆ ಕಡಿಮೆ ಬೆಲೆಗೆ ಕೇಳುವುದು ಹಕ್ಕು ಎಂಬ ಭಾವನೆ ನನ್ನ ದನಿಯಲ್ಲಿ ಇದ್ದಿರಬೇಕು.

ಆಕೆ ಸಿಟ್ಟಾಗಲಿಲ್ಲ. ಮೂಟೆಯನ್ನು ನನ್ನ ಮುಂದೆ ಸರಿಸಿದರು. “ಬಟ್ಟೆ ಪುಕ್ಕಟೆ ಬಂದೈತಿ ಫಾದರ್, ಕೈ ಪುಕ್ಕಟೆ ಬಂದಿಲ್ಲ. ಕೂತ್ಕೊಳ್ರಿ. ಒಂದು ಚೀಲ ಮುಗಿಯೋದನ್ನ ನೋಡ್ರಿ, ಆಮ್ಯಾಲೆ ನೀವೇ ಬೆಲೆ ಹೇಳ್ರಿ” ಎಂದರು.

ಬೆಳಿಗ್ಗೆ 10 ಗಂಟೆಗೆ ಕುಳಿತೆ. ಮೂಟೆ ಬಿಚ್ಚಿ ಮೊದಲು ಆಯುವ ಕೆಲಸ. ಹತ್ತಿಯದು ಒಂದು ಕಡೆ, ನೈಲಾನ್, ಪಾಲಿಯೆಸ್ಟರ್ ಇನ್ನೊಂದು ಕಡೆ. ದಪ್ಪ ಬಟ್ಟೆಯ ಜೊತೆ ತೆಳು ಬಟ್ಟೆ ಸೇರಿಸಿದರೆ ತೆಳುವಾದದ್ದು ಬೇಗ ಹರಿಯುತ್ತದೆಂದು ಅವೂ ಬೇರೆ. ಹಿಂದಿನ ರಾತ್ರಿಯೇ ನೆನೆಹಾಕಿ ಒಣಗಿಸಿದ್ದ ಬೇರೊಂದು ರಾಶಿಯಿಂದ ತುಂಡುಗಳನ್ನು ಆರಿಸಿ, ಇಸ್ತ್ರಿ ಹಾಕಿ, ನೂಲಿನ ಎಳೆ ನೇರ ಬರುವಂತೆ ಕತ್ತರಿಸಿದರು. ಅಂಚಿನಲ್ಲಿ ಕಾಲು ಇಂಚು ಬಿಟ್ಟು ಎರಡೆರಡನ್ನು ಜೋಡಿಸಿ, ಜೋಡಿಗಳನ್ನು ಸಾಲಾಗಿಸಿ, ಸಾಲುಗಳನ್ನು ಹಾಳೆಯಾಗಿಸಿದರು. ಒಳಗೆ ಹಳೆಯ ಪಂಚೆಯ ಅಸ್ತರ. ಚೀಲ ಮೊದಲು ಕಿತ್ತುಹೋಗುವುದು ಹಿಡಿಕೆಯ ಬುಡದಲ್ಲಿ; ಆದ್ದರಿಂದ ಅಲ್ಲಿ ಚೌಕಾಕಾರದ ಹೊಲಿಗೆ ಹಾಕಿ, ಅದರೊಳಗೆ ಮೂಲೆಯಿಂದ ಮೂಲೆಗೆ ಮತ್ತೆರಡು ಹೊಲಿಗೆ.

“ಮೊದಲೇ ಯಾಕೆ ನೆನೆಹಾಕುವುದು?” ಎಂದು ಕೇಳಿದೆ.

“ಹೊಸ ತುಂಡು ನೀರು ಕಂಡ್ರೆ ಕುಗ್ಗತೈತಿ. ಹಂಗೇ ಹೊಲಿದ್ರೆ ಮೊದಲ ಸಲ ಒಗೆದಾಗ ಪಕ್ಕದ ಹಳೇ ಬಟ್ಟೇನ ಎಳೆದು ಹರೀತೈತಿ” ಎಂದರು.

ಓದುಗರೇ, ನಾನು ಅವಾಕ್ಕಾದೆ. ಹಳೆಯ ಉಡುಪಿಗೆ ಕುಗ್ಗದ ಹೊಸ ಬಟ್ಟೆಯ ತೇಪೆ ಹಾಕುವುದರ ಬಗ್ಗೆ ಯೇಸುಸ್ವಾಮಿ ಹೇಳಿದ ಮಾತನ್ನು ಗುರುಮಠದಲ್ಲಿ ಅಭ್ಯಸಿಸಿದ್ದೇನೆ, ಎಷ್ಟೋ ಭಾನುವಾರ ಅದರ ಮೇಲೆ ಪ್ರಬೋಧನೆ ಮಾಡಿದ್ದೇನೆ. ಆದರೆ ಆ ಮಾತನ್ನು ಆಡಿದವರು ತೇಪೆ ಹಾಕುವ ಬಡವರ ಮನೆಯಲ್ಲಿ ಬೆಳೆದವರು, ಅಮ್ಮನ ಸೂಜಿಯನ್ನು ಹತ್ತಿರದಿಂದ ನೋಡಿದವರು ಎಂಬುದು ನನಗೆ ಹೊಳೆದದ್ದು ಆ ಜಗಲಿಯ ಮೇಲೆ.

ಚೀಲ ಮುಗಿದಾಗ ಮಧ್ಯಾಹ್ನ 1 ಗಂಟೆ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆಕೆ ಕೇಳಿದ್ದು ಗಂಟೆಗೆ 40 ರೂಪಾಯಿ. ನಾನು ಕೊಡಲು ಹೊರಟದ್ದು ಗಂಟೆಗೆ 24 ರೂಪಾಯಿಗಿಂತ ಕಡಿಮೆ. ದಾರ, ಇಸ್ತ್ರಿ, ನೆನೆಹಾಕಿದ ರಾತ್ರಿ ಇವು ಯಾವುವೂ ಅದರಲ್ಲಿ ಸೇರಿರಲಿಲ್ಲ. ತಲೆತಗ್ಗಿಸಿ “150 ಕೊಡುತ್ತೇನಮ್ಮಾ” ಎಂದೆ. ಆಕೆ ನಕ್ಕು, “ದಾನ ಬ್ಯಾಡ ಫಾದರ್. ಹೇಳಿದ್ದು ಕೊಡ್ರಿ, ಸಾಕು” ಎಂದರು.

ಹಿಂದಿರುಗುವ ದಾರಿಯಲ್ಲಿ ಕೆರೆಯ ಏರಿಯ ಬಳಿ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಕುಳಿತೆ. ನನ್ನನ್ನು ಕಾಡಿದ್ದು ಚೀಲಕ್ಕಿಂತ ಹಳೆಯದಾದ ಇನ್ನೊಂದು ಹೊಲಿಗೆ.

ನಾನು ಗುರುಮಠಕ್ಕೆ ಹೊರಟಾಗ ನನ್ನ ತಾಯಿ ಒಂದು ಕೌದಿ ಕೊಟ್ಟಿದ್ದರು. ಬೇಸಿಗೆಯ ಮಧ್ಯಾಹ್ನಗಳಲ್ಲಿ, ನೆರೆಯ ಹೆಂಗಸರ ಜೊತೆ ನಡುಮನೆಯಲ್ಲಿ ಬಟ್ಟೆ ಹರಡಿ, ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಒಂದು ಹೊಲಿಗೆಗೂ ಇನ್ನೊಂದಕ್ಕೂ ಬೆರಳಿನ ಅಂತರ ಬಿಟ್ಟು ಹೊಲಿದದ್ದು. ಅದರಲ್ಲಿ ತಂದೆಯ ಅಂಗಿಯಿತ್ತು, ಅಕ್ಕನ ಲಂಗವಿತ್ತು. ಗುರುಮಠದಲ್ಲಿ ಬಹುತೇಕ ಗೆಳೆಯರದು ಅಂಗಡಿಯ ಕಂಬಳಿ. ನನಗೆ ಸಂಕೋಚವಾಯಿತು. ಕೌದಿಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಮರುವರ್ಷದ ಮಳೆಗಾಲದಲ್ಲಿ ಬಾಗಿಲ ಬಳಿ ಕಾಲೊರೆಸಲು ಹಾಸಿದೆ.

ಒಂದು ದಿನ ತಾಯಿ ನನ್ನನ್ನು ನೋಡಲು ಬಂದರು. ಬಾಗಿಲಲ್ಲಿ ಒಂದು ಕ್ಷಣ ನಿಂತರು. ಅದನ್ನು ತುಳಿಯಲಿಲ್ಲ, ಸೀರೆಯ ನೆರಿಗೆ ತುಸು ಎತ್ತಿ, ದಾಟಿ ಒಳಬಂದರು. ಆ ಬಗ್ಗೆ ಅಂದು ಏನನ್ನೂ ಹೇಳಲಿಲ್ಲ. ಮುಂದೆಯೂ ಹೇಳಲಿಲ್ಲ. ಅವರು ಪ್ರಭುವಿನಲ್ಲಿ ವಿಶ್ರಮಿಸಿ ಹಲವು ವರ್ಷಗಳಾದವು. ಕ್ಷಮೆ ಕೇಳುವ ಅವಕಾಶವನ್ನು ನಾನು ಕಳೆದುಕೊಂಡೆ. ಆ ಕೌದಿಯೂ ಈಗ ಇಲ್ಲ.

ಮನೆಯ ಹೆಂಗಸರು ಹೊಲಿದದ್ದಕ್ಕೆ ಯಾರೂ ಹಣ ಕೊಡಲಿಲ್ಲ. ಆದ್ದರಿಂದ ಅದಕ್ಕೆ ಬೆಲೆಯಿಲ್ಲವೆಂದು ನಾವು ತಿಳಿದೆವು. ಆ ತಿಳಿವಳಿಕೆಯೇ ನನ್ನನ್ನು ಕೆರೆಬಿಳಚಿಯಲ್ಲಿ 70 ರೂಪಾಯಿಗೆ ಕೇಳುವಂತೆ ಮಾಡಿತು.

ಆದರೆ ಇದೇ ಹೊಲಿಗೆಯನ್ನು ಲೋಕ ಬೇರೆ ಕಣ್ಣಿನಿಂದ ನೋಡಿದ ಉದಾಹರಣೆಗಳೂ ನಮ್ಮ ನಾಡಿನಲ್ಲಿವೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಸಮುದಾಯದ ತಾಯಂದಿರು ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ಅವರು ಅಂಚಿನಿಂದ ಆರಂಭಿಸಿ, ಸುತ್ತುತ್ತಾ ನಡುವಿಗೆ ಬರುತ್ತಾರೆ. ಮಡಚಿದ ತ್ರಿಕೋನದ ತುಂಡುಗಳನ್ನು ಹೂವಿನಂತೆ ನಾಲ್ಕು ಮೂಲೆಗಳಿಗೆ ಹೊಲಿಯುತ್ತಾರೆ. ಅದಕ್ಕೆ ಫೂಲ ಎನ್ನುತ್ತಾರೆ. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣಬಹುದು; ಹೊಲಿಗೆ ಮಾತ್ರ ಒಂದೇ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂಯಲ್ ಇವುಗಳನ್ನು ಅಧ್ಯಯನ ಮಾಡಿ, ತಮ್ಮ ದೇಶದಲ್ಲಿ ಕಲಾಕೃತಿಗಳೆಂದು ಪ್ರದರ್ಶಿಸಿದರು.

ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ನಮ್ಮ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. ಆ ಲಂಬಾಣಿ ಸಮುದಾಯದ ಹೆಣ್ಣುಮಕ್ಕಳು ತುಂಡುಬಟ್ಟೆಗೆ ಕನ್ನಡಿ, ಕವಡೆ, ಬಣ್ಣದ ದಾರ ಸೇರಿಸಿ ಮಾಡುವ ಕಸೂತಿ ನಮಗೆ ಚಿರಪರಿಚಿತ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಲ್ಲಿ ಮೂಡಿದ 1755 ತೇಪೆ ಕಸೂತಿಯ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಸಂತೋಷದ ಸಂಗತಿಯೇ. ಆದರೆ ದಾಖಲೆಗೆ ಚಪ್ಪಾಳೆ ತಟ್ಟುವ ನಾವೇ ಸಂತೆಯಲ್ಲಿ ಅದೇ ಕೈಗಳೊಡನೆ ಹತ್ತು ರೂಪಾಯಿಗೆ ವಾದಿಸುತ್ತೇವೆ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಯೊಪ್ಪ ಪಟ್ಟಣದ ತಬಿಥಾ ಎಂಬ ಶಿಷ್ಯೆಯ ಪ್ರಸಂಗವಿದೆ. ಆಕೆ ತೀರಿಕೊಂಡಾಗ ವಿಧವೆಯರು ಪೇತ್ರರ ಮುಂದೆ ಅಳುತ್ತಾ ನಿಂತು, ಆಕೆ ಮಾಡಿಕೊಟ್ಟಿದ್ದ ಉಡುಪುಗಳನ್ನು ಒಂದೊಂದಾಗಿ ತೋರಿಸಿದರು. ಆ ಬಡ ಹೆಂಗಸರಿಗೆ ಹೊಲಿಗೆಯ ಬೆಲೆ ಗೊತ್ತಿತ್ತು.

ಆದ್ದರಿಂದ ಓದುಗರೇ, ನಿಮ್ಮ ಮನೆಯ ಬಟ್ಟೆಯ ತುಂಡುಗಳನ್ನು ಹೊಲಿಯುವವರಿಗೆ ಕೊಡುವಾಗ ಒಗೆದು ಕೊಡಿ. ನಮ್ಮ ಕಸವನ್ನು ದಾನವೆಂದು ಕರೆಯುವುದು ಬೇಡ. ಕೊಳ್ಳುವಾಗ, ಬಟ್ಟೆ ಎಷ್ಟರದು ಎಂದು ಕೇಳುವ ಮುನ್ನ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿ. ನಿಮ್ಮ ಅಟ್ಟದ ಮೇಲೋ ಪೆಟ್ಟಿಗೆಯ ತಳದಲ್ಲೋ ತಾಯಿಯ, ಅಜ್ಜಿಯ ಕೈಯ ಕೌದಿ ಇದ್ದರೆ ಇಂದೇ ತೆಗೆದು ಬಿಸಿಲಿಗೆ ಹಾಕಿ. ಹೊಲಿದವರು ಇನ್ನೂ ಬದುಕಿದ್ದರೆ, ಒಂದು ರಾತ್ರಿ ಅವರ ಕಣ್ಣೆದುರಿಗೇ ಅದನ್ನು ಹೊದ್ದು ಮಲಗಿ. ನನಗೆ ಆ ಭಾಗ್ಯ ಉಳಿದಿಲ್ಲ.