ಮೈನರ್‌ನಲ್ಲಿ ಕಿರಿದಾದದ್ದು ಏನು?



ನಿಮ್ಮಲ್ಲಿ ಅನೇಕರು ಕೀಬೋರ್ಡೋ ಗಿಟಾರೋ ಕಲಿಯುತ್ತಿದ್ದೀರಿ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಹಾಡುವ ಸರಿಗಮಕ್ಕೂ ಕ್ಲಾಸಿನ ಥಿಯರಿ ಪುಸ್ತಕಕ್ಕೂ ಸಂಬಂಧವೇ ಇಲ್ಲವೆಂದು ನಿಮಗೆ ಅನ್ನಿಸಿರಬಹುದು. 'ಮೈನರ್ ಕೀ' ಪಾಠ ಬಂದಾಗ ನನ್ನ ಮಗಳಿಗೂ ಹಾಗೇ ಅನ್ನಿಸಿತ್ತು. "ಮೇಜರ್ ಒಂದೇ, ಮೈನರ್ ಮಾತ್ರ ಮೂರು ಬಗೆ! ನನ್ನ ಕೈಲಾಗೋದಿಲ್ಲಮ್ಮ, ಕ್ಲಾಸು ಬಿಡ್ತೀನಿ" ಎಂದಳು. ಮದುವೆಗೆ ಮುಂಚೆ ನಾಲ್ಕು ವರ್ಷ ಕಲಿತಿದ್ದ ಕರ್ನಾಟಕ ಸಂಗೀತ ಆಗ ನನ್ನ ಕೆಲಸಕ್ಕೆ ಬಂತು.

ನೀವೂ ಕೀಬೋರ್ಡಿನ ಮುಂದೆ ಕುಳಿತು ನೋಡಿ. ಹಾರ್ಮೋನಿಯಂನಲ್ಲಿ ನಾವು 'ಮನೆ' ಎನ್ನುವುದೇ ನೀವು ಒತ್ತುವ ಕೀ. 'ಸಿ'ಯಿಂದ ಮುಂದಿನ 'ಸಿ'ಯವರೆಗೆ ಬಿಳಿ ಮನೆಗಳನ್ನಷ್ಟೇ ಒತ್ತಿದರೆ ಸಿ ಮೇಜರ್. ನಮ್ಮ ಶಂಕರಾಭರಣದ ಸ್ವರಗಳು. ಅವೇ ಬಿಳಿ ಮನೆಗಳನ್ನು 'ಎ'ಯಿಂದ ಮುಂದಿನ 'ಎ'ಯವರೆಗೆ ನುಡಿಸಿ. ಎ ನ್ಯಾಚುರಲ್ ಮೈನರ್ ಆಯಿತು. ನಮ್ಮಲ್ಲಿ ಇದು 20ನೆಯ ಮೇಳ, ನಠಭೈರವಿ. ಮನೆಗಳು ಅವೇ, ಷಡ್ಜ ಬೇರೆ. ಹೀಗೆ ಶಂಕರಾಭರಣದ ಧೈವತವನ್ನೇ ಷಡ್ಜವಾಗಿಸಿಕೊಳ್ಳುವುದಕ್ಕೆ ಸಂಗೀತಗಾರರು ಗ್ರಹಭೇದ ಎನ್ನುತ್ತಾರೆ.

ಮೈನರ್ ಎಂದರೆ ಕಿರಿದು. ಕಿರಿದಾದದ್ದು ಏನು? ಷಡ್ಜದಿಂದ ಗಾಂಧಾರಕ್ಕಿರುವ ದೂರ. ಬಿಳಿ, ಕಪ್ಪು ಎಲ್ಲ ಸೇರಿಸಿ ಎಣಿಸಿದರೆ ಮೇಜರ್‌ನಲ್ಲಿ 4 ಮನೆ, ಮೈನರ್‌ನಲ್ಲಿ 3. ಅಂತರ ಗಾಂಧಾರದ ಜಾಗಕ್ಕೆ ಸಾಧಾರಣ ಗಾಂಧಾರ ಬಂತು. ಮೈನರ್‌ನ ಮೊದಲ ಗುರುತು ಇದೇ.

ಉಳಿದೆರಡು ಬಗೆ? ನಠಭೈರವಿಯ ನಿಷಾದ ಮೇಲಿನ ಷಡ್ಜಕ್ಕಿಂತ 2 ಮನೆ ಕೆಳಗಿದೆ. ಷಡ್ಜದತ್ತ ಸೆಳೆತ ಹೆಚ್ಚಲೆಂದು ಅದನ್ನು 1 ಮನೆ ಏರಿಸಿದರೆ ಹಾರ್ಮೋನಿಕ್ ಮೈನರ್, ಅಂದರೆ 21ನೆಯ ಮೇಳ ಕೀರವಾಣಿ. ಆಗ ಧೈವತ, ನಿಷಾದಗಳ ನಡುವೆ ಅಂತರ ಹಿಗ್ಗಿತಲ್ಲ? ಧೈವತವನ್ನೂ ಏರಿಸಿದರೆ ಮೆಲೋಡಿಕ್ ಮೈನರ್‌ನ ಆರೋಹಣ. 23ನೆಯ ಮೇಳ ಗೌರಿಮನೋಹರಿ. ಅವರೋಹಣದಲ್ಲಿ ಮತ್ತೆ ನಠಭೈರವಿ. ಒಂದರಿಂದೊಂದು ಹುಟ್ಟಿದ್ದು ಕಂಡ ಮೇಲೆ ಮಗಳು ಬಾಯಿಪಾಠ ಬಿಟ್ಟಳು, ಕ್ಲಾಸು ಬಿಡಲಿಲ್ಲ.

ಸ್ವರಗಳು ಕೂಡಿದ ಮಾತ್ರಕ್ಕೆ ಎರಡು ಸಂಗೀತವೂ ಒಂದೇ ಎನ್ನಲಾಗದು. ಕೀರವಾಣಿಗೆ ಗಮಕ ಬೇಕು. ಮೈನರ್‌ಗೆ ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಬೇಕು. ಮೈನರ್ ಎಂದರೆ ಬರೀ ಅಳು ಎಂದೂ ನಂಬಬೇಡಿ. ಮೊಜಾರ್ಟ್ 1788ರಲ್ಲಿ ಬರೆದ 40ನೆಯ ಸಿಂಫನಿ ಜಿ ಮೈನರ್‌ನಲ್ಲಿದೆ. ಅದರ ಆರಂಭ ಕೇಳಿ. ಅಳಲು ಪುರುಸೊತ್ತೇ ಇಲ್ಲದ ಓಟ!

ಒಂದನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ, ಮಕ್ಕಳೇ. ಕ್ಲಾಸಿನಲ್ಲಿ ಹೊಸ ಸ್ಕೇಲ್ ಕಲಿತ ದಿನ ಅದನ್ನು ಮನೆಯಲ್ಲಿ ಗಟ್ಟಿಯಾಗಿ ನುಡಿಸಿ, ಇದು ಯಾವ ರಾಗದ ಸ್ವರವೆಂದು ಕೇಳಿ. ಉತ್ತರ ಅಡಿಗೆಮನೆಯಿಂದಲೇ ಬಂದರೂ ಬಂದೀತು.